ಗೋಡೆ ಟೀಚರ್ ಮನೆಪಾಠ

ನಮ್ಮ ಶಾಲೆಯ ಮೂರನೇ ತರಗತಿಯ ಟೀಚರಿಗೆ ಮಕ್ಕಳು ಇಟ್ಟ ಹೆಸರು ಗೋಡೆ ಟೀಚರ್. ದಪ್ಪಗಿದ್ದರು ಅಂತಲ್ಲ; ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವಂಥ ಮೈ ಅವರದು. ತರಗತಿಯ ಹಿಂದಿನ ಗೋಡೆಯನ್ನು ಮೂಲೆಯಿಂದ ಮೂಲೆಗೆ ಪದಗಳಿಂದ ತುಂಬಿಸಿದ್ದರು, ಅದಕ್ಕೆ ಆ ಹೆಸರು. ಗೋಡೆಗೂ ಕಿವಿಯಿದೆ ಅಂತಾರಲ್ಲ, ಇವರ ಗೋಡೆಗೆ ಬಾಯಿಯೂ ಇತ್ತು. ನಾನು ಪಕ್ಕದ ಕೋಣೆಯಲ್ಲಿ ಲೆಕ್ಕ ಹೇಳಿಕೊಡುವವಳು. ನಡುವೆ ಇದ್ದದ್ದು ತೆಳು ಹಲಗೆಯ ಒಂದು ಅಡ್ಡಗಟ್ಟು. ನಾನು ಇತ್ತ ಭಾಗಾಕಾರದ ಶೇಷ ಹುಡುಕುತ್ತಿರುವಾಗ ಅತ್ತಲಿಂದ ಇಡೀ ತರಗತಿ ಒಟ್ಟಿಗೆ "ಹಿಡಿಶಾಪ!" ಎಂದು ಕಿರುಚಿದರೆ ಯಾರ ತಲೆ ನೆಟ್ಟಗಿರುತ್ತದೆ ಹೇಳಿ? ಹೋಗಿ ಜಗಳ ಆಡಿದೆ. ನಮ್ಮ ಸ್ನೇಹ ಶುರುವಾದದ್ದೇ ಆ ಜಗಳದಿಂದ.

ಆ ಗೋಡೆಗೆ ಒಂದು ಕಾನೂನಿತ್ತು. ಟೀಚರ್ ತಾವಾಗಿ ಒಂದು ಪದವನ್ನೂ ಅಂಟಿಸುವಂತಿಲ್ಲ. ಮಕ್ಕಳೇ ಮನೆಯಿಂದಲೋ ಬೀದಿಯಿಂದಲೋ ಪದ ಹೊತ್ತು ತರಬೇಕು, ಅದನ್ನು ತಮ್ಮದೇ ಮಾತಿನಲ್ಲಿ ಬಳಸಿ ತೋರಿಸಬೇಕು. ಆಮೇಲೆ ಟೀಚರ್ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ಅದನ್ನು ಬರೆದು, ಮಂಡಿಯೂರಿ ಕೂತು, ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸುತ್ತಿದ್ದರು. ನಲ್ಲಿ ರಿಪೇರಿಯವನ ಮಗಳು "ವಾಷರ್" ತಂದಳು. ಇನ್ನೊಬ್ಬ "ಗೊಣಗಾಟ" ತಂದು, "ನಮ್ಮಪ್ಪ ದಿನಾ ಬೆಳಗ್ಗೆ ಗೊಣಗಾಟ ಮುಗಿಸ್ಕೊಂಡು ಸ್ನಾನಕ್ಕೆ ಹೋಗ್ತಾರೆ" ಎಂದ. "ಮುನಿಸು" ತಂದ ಹುಡುಗಿಯ ವಾಕ್ಯ ಇನ್ನೂ ನೆನಪಿದೆ: "ಅಮ್ಮನಿಗೆ ಮುನಿಸು ಬಂದ್ರೆ ಪಾತ್ರೆಗಳಿಗೆ ಏಟು ಬೀಳುತ್ತೆ." ಊರಿನ ಅರ್ಧ ಸಂಸಾರಗಳ ಗುಟ್ಟು ಆ ಗೋಡೆಯ ಮೇಲೆ ನೇತಾಡುತ್ತಿತ್ತು.

ಪದ ಗೋಡೆಯಿಂದ ಇಳಿಯುವುದಕ್ಕೂ ಒಂದು ರೀತಿಯಿತ್ತು. ಯಾವ ಮಗುವಾದರೂ ಗೋಡೆ ನೋಡದೆ, ಆಟದಲ್ಲೋ ಜಗಳದಲ್ಲೋ, ಆ ಪದವನ್ನು ತಾನಾಗಿ ಆಡಿದರೆ ಅದು ಪಾಸು. ಚೀಟಿ ಕಿತ್ತು, ಅದನ್ನು ತಂದ ಮಗುವಿನ ಕೈಗೆ ಕೊಟ್ಟು, ಎಲ್ಲರಿಂದ ಚಪ್ಪಾಳೆ ಹೊಡೆಸುತ್ತಿದ್ದರು. "ಬಾಯಿಗೆ ಬಂದ ಪದಕ್ಕೆ ಗೋಡೆ ಯಾಕೆ ಬೇಕು?" ಎನ್ನುತ್ತಿದ್ದರು. ಒಮ್ಮೆ ಅಂಗಳದಲ್ಲಿ ಇಬ್ಬರು ಹುಡುಗರು ಕಾಲರ್ ಹಿಡಿದುಕೊಂಡು ನಿಂತಿದ್ದರು. ಒಬ್ಬ, "ಹಿಡಿಶಾಪ ಹಾಕ್ಬಿಡ್ತೀನಿ ನೋಡು!" ಎಂದ. ಟೀಚರ್ ಓಡಿ ಬಂದರು. ಬಿಡಿಸಲಿಕ್ಕೆ ಅಂದುಕೊಂಡೆ. ಅಯ್ಯೋ, ಚಪ್ಪಾಳೆ ತಟ್ಟಲಿಕ್ಕೆ! ಹೊಡೆದಾಡುತ್ತಿದ್ದವರಿಬ್ಬರೂ ಪೆಚ್ಚಾಗಿ ಕೈಬಿಟ್ಟರು.

ಹೆಡ್‌ಮಾಸ್ಟರಿಗೆ ಈ ಗೋಡೆ ಇಷ್ಟವೋ ಕಷ್ಟವೋ ಯಾರಿಗೂ ಗೊತ್ತಾಗಲಿಲ್ಲ. ಆ ಮಹಾರಾಯರ ಮಾತೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. "ಇರಲಿ, ಆದರೆ ಅತಿಯಾಗದಿರಲಿ, ಕಡಿಮೆಯೂ ಆಗದಿರಲಿ" ಎಂದು ಹೇಳಿ ಹೋಗುತ್ತಿದ್ದರು.

ಇಷ್ಟೆಲ್ಲ ಗಲಾಟೆಯ ನಡುವೆ ಇರುತ್ತಿದ್ದ ಗೋಡೆ ಟೀಚರ್, ಗಂಟೆ ಹೊಡೆದ ಮೇಲೆ ಬೇರೆಯೇ ಆಗಿಬಿಡುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ಕುರ್ಚಿ, ಕೈಯಲ್ಲಿ ಆರಿದ ಟೀ. ನಾವೆಲ್ಲ ಗಂಡ, ಅತ್ತೆ, ಮಕ್ಕಳ ಜ್ವರ ಎಂದು ಬಾಯಿ ಹರಿಯಬಿಟ್ಟರೆ ಅವರು ನಗುತ್ತ ಕೇಳುತ್ತಿದ್ದರು, ಹೇಳಲಿಕ್ಕೆ ಅವರ ಹತ್ತಿರ ಏನೂ ಇರುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಮರೆತುಹೋಯ್ತು" ಎನ್ನುತ್ತಿದ್ದರು. ಮನೆಯಲ್ಲಿ ಅಮ್ಮ ಒಬ್ಬರೇ. ತಮ್ಮ ಬೇರೆ ಊರಿನಲ್ಲಿ, ಅವನ ಸಂಸಾರ ಅವನಿಗೆ.

ಮನೆ ಇಸ್ತ್ರಿ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು ಹತ್ತಿದರೆ ಎರಡು ಕೋಣೆ. ಕೆಳಗಿನ ಇಸ್ತ್ರಿಯ ಬಿಸಿ ಮೇಲಿನ ನೆಲಕ್ಕೂ ಹತ್ತುತ್ತಿತ್ತು. ಕಿಟಕಿ ತೆರೆದರೆ ಎದುರಿನ ಕಟ್ಟಡದ ಸುಣ್ಣ ಕಾಣದ ಬೆನ್ನು. ಅಮ್ಮ ಟೈಲರ್ ಆಗಿದ್ದವರು; ಊರಿನ ಎಷ್ಟೋ ಮಕ್ಕಳ ಯೂನಿಫಾರ್ಮು ಅವರ ಮೆಷಿನ್ನಿನಿಂದಲೇ ಹೊರಬಿದ್ದದ್ದು. ಕಾಲು ಎಷ್ಟು ಓಡುತ್ತಿತ್ತೋ ಬಾಯಿಯೂ ಅಷ್ಟೇ ಓಡುತ್ತಿತ್ತಂತೆ. ಅಳತೆ ಕೊಡಲು ಬಂದ ಹೆಂಗಸರು ಊರಿನ ಸುದ್ದಿಯನ್ನೆಲ್ಲ ಅಲ್ಲೇ ಸುರಿದು ಹೋಗುತ್ತಿದ್ದರು. ಮೆಷಿನ್ ಕೆಳಗೆ ಬಟ್ಟೆಯ ಚೂರುಗಳ ನಡುವೆ ಕೂತು ಕೇಳಿಸಿಕೊಂಡ ಮಾತುಗಳೇ ತನ್ನ ಮೊದಲ ಪಾಠ ಎಂದು ಟೀಚರ್ ಒಮ್ಮೆ ನನಗೆ ಹೇಳಿದ್ದರು.

ಆ ಅಮ್ಮನ ಬಾಯಿಂದ ಪದಗಳು ಉದುರಲು ಶುರುವಾದವು. ಮೊದಲು ಹೋದದ್ದು ಬಾಬಿನ್, ಮೆಷಿನ್ನಿನೊಳಗೆ ದಾರ ಸುತ್ತಿಡುವ ಉರುಳೆ. "ಅದು ಕೊಡೇ, ಅದರೊಳಗೆ ಇರುತ್ತಲ್ಲ, ಸುತ್ಕೊಂಡು, ಅದು" ಎಂದರಂತೆ. ನನಗೂ ದಿನಕ್ಕೆ ಹತ್ತು ಸಲ ಹಾಗಾಗುತ್ತದೆ, ಬಿಡಿ ಅಕ್ಕಾ, ಎಂದೆ. ಆಮೇಲೆ ಕನ್ನಡಿ ಹೋಯಿತು; ಅದನ್ನು "ಮುಖದ ಕಿಟಕಿ" ಅಂದರು. ಟೀಚರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಸ್ಟಾಫ್ ರೂಮಿಗೆ ಬಂದು ನಗುತ್ತ ಹೇಳಿದರು. ನಾವೂ ನಕ್ಕೆವು. ಒಂದು ದಿನ ಅಮ್ಮ ಮೆಟ್ಟಿಲು ಇಳಿದು ಹೋಗಿ, "ಇಲ್ಲೆಲ್ಲೋ ನಮ್ಮನೆ ಇತ್ತಲ್ಲಪ್ಪ, ಯಾವುದು?" ಎಂದು ಇಸ್ತ್ರಿಯವನನ್ನು ಕೇಳಿದ ಮೇಲೆ ನಗು ನಿಂತಿತು. ಟೀಚರ್ ಶಾಲೆಯಲ್ಲಿದ್ದಷ್ಟು ಹೊತ್ತು ಇಸ್ತ್ರಿಯವನ ಹೆಂಡತಿ ಮೇಲೆ ಹೋಗಿ ಕೂರುವುದೆಂದಾಯಿತು.

ತಮ್ಮ ಬಂದ. ಒಳ್ಳೆಯವನೇ, ಸುಳ್ಳು ಯಾಕೆ ಹೇಳಲಿ. ಇಂಥವರನ್ನು ನೋಡಿಕೊಳ್ಳುವ ಒಂದು ವೃದ್ಧಾಶ್ರಮವನ್ನು ವಿಚಾರಿಸಿಕೊಂಡೇ ಬಂದಿದ್ದ. "ನಿನ್ನ ಗುರುತು ಇರೋವರೆಗೆ ನಿನ್ ಹತ್ರಾನೇ ಇರ್ಲಿ ಅಕ್ಕಾ. ನಿನ್ನನ್ನೇ ಮರೆತ ಮೇಲೆ ಅವಳಿಗೆ ಎಲ್ಲಿದ್ರೇನು? ನೀನ್ಯಾಕೆ ಒಬ್ಬಳೇ ಸಾಯ್ತೀಯ?" ಎಂದು ಹೇಳಿ ಹೋದ.

"ಕೇಳಿದ್ರೆ ನ್ಯಾಯ ಅಂತಲೇ ಅನ್ಸುತ್ತೆ, ಅದೇ ಕಷ್ಟ" ಎಂದರು ಟೀಚರ್ ಮರುದಿನ. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. "ಬಾಬಿನ್ ಹೋಗ್ಲಿ, ಕನ್ನಡಿ ಹೋಗ್ಲಿ, ಎಲ್ಲಾ ಹಾಳಾಗಿ ಹೋಗ್ಲಿ. ನಾನು ಮಗಳು ಅನ್ನೋದೊಂದು ಉಳಿದ್ರೆ ಸಾಕು. ನೋಡಿ, ತಮ್ಮ ಅಕ್ಕ ಅಂತಾನೆ. ನೀವೂ ಅಕ್ಕ ಅಂತೀರಿ. ಬೇರೆಯವರಿಗೆಲ್ಲ ನಾನು ಟೀಚರ್. ನನ್ನನ್ನ ಬಾರೇ, ಹೋಗೇ ಅನ್ನೋರು ಈ ಭೂಮಿ ಮೇಲೆ ಅಮ್ಮನ ಬಿಟ್ರೆ ಇನ್ನೊಬ್ಬರು ಉಳಿದಿಲ್ಲ." ಅಷ್ಟು ಉದ್ದದ ಮಾತನ್ನು ಅವರು ತಮ್ಮ ಬಗ್ಗೆ ಆಡಿದ್ದು ಅದೇ ಮೊದಲು.

ಆ ವಾರವೇ ಮನೆಯಲ್ಲೂ ಗೋಡೆ ಎದ್ದಿತು. ಒಂದು ದಿನ ಶಾಲೆ ಮುಗಿಸಿ ಅವರ ಜೊತೆ ಹೋಗಿದ್ದೆ, ನೋಡಿ ದಂಗಾದೆ. ಬಾಗಿಲಿನ ಮೇಲೆ "ಬಾಗಿಲು", ಬೀಗದ ಪಕ್ಕ "ಬೀಗ", ಮೆಷಿನ್ನಿನ ಹೊಟ್ಟೆಯ ಮೇಲೆ "ಬಾಬಿನ್", ಕತ್ತರಿಗೆ ದಾರ ಕಟ್ಟಿ "ಕತ್ತರಿ". ಎಲ್ಲವೂ ಅಮ್ಮ ಸ್ಟೂಲಿನ ಮೇಲೆ ಕೂತಾಗ ಕಣ್ಣಿಗೆ ನೇರ ಸಿಗುವ ಎತ್ತರದಲ್ಲಿ. ಟೀಚರ್ ಮುಖ ತೊಳೆದು ಬಂದರು, ಸ್ಕೇಲು ಕೈಗೆತ್ತಿಕೊಂಡರು, ಪಾಠ ಶುರು.

"ಇದೇನು?"

"ಬೀಗ."

"ಕೇಳಿಸ್ಲಿಲ್ಲ. ಜೋರಾಗಿ."

"ಬೀಗ!"

"ಶಭಾಷ್!" ಎಂದು ಚಪ್ಪಾಳೆ. ಅಮ್ಮನ ಮುಖ ಅರಳಿತು. ನಾನೂ ತಟ್ಟಿದೆ.

ಪಾಠ ಕೆಲಸ ಮಾಡಿತು. ಅದೇ ಮಜಾ. ಹೋದ ಪದಗಳು ಒಂದೊಂದಾಗಿ ಬಾಲ ಮುದುರಿಕೊಂಡು ವಾಪಸು ಬಂದವು. ಟೀಚರ್ ಬೆಳಗ್ಗೆ ಸ್ಟಾಫ್ ರೂಮಿಗೆ ಕಾಲಿಡುತ್ತಲೇ, "ನಿನ್ನೆ ಅಮ್ಮ ಬಾಬಿನ್ ಅಂದ್ರು!" ಎಂದು ಸಾರಿದರು, ಮಗಳು ಪರೀಕ್ಷೆಯಲ್ಲಿ ಮೊದಲು ಬಂದಳು ಅನ್ನುವ ಹಾಗೆ. ಅಮ್ಮ "ಬಚ್ಚಲು" ಎನ್ನುವುದನ್ನು ಚೀಟಿ ನೋಡದೆಯೇ ಹೇಳತೊಡಗಿದಾಗ ಇವರು ಶಾಲೆಯ ಕಾನೂನಿನಂತೆ ಅದನ್ನು ಪಾಸು ಮಾಡಿದರು. ಚೀಟಿ ಕಿತ್ತು ಅಮ್ಮನ ಕೈಗೆ ಕೊಟ್ಟು ಶಭಾಷ್ ಅಂದರು.

ಮರುದಿನ ಮಧ್ಯಾಹ್ನ ಇಸ್ತ್ರಿಯವನ ಹೆಂಡತಿ ಶಾಲೆಯ ಗೇಟಿನ ಹತ್ತಿರ ಬಂದು ನಿಂತಳು. ಅವಳು ಕೆಳಗೆ ಊಟಕ್ಕೆ ಹೋದ ಹೊತ್ತಿನಲ್ಲಿ ಅಮ್ಮ ಬಚ್ಚಲು ಎಲ್ಲಿದೆಯೆಂದು ತಿಳಿಯದೆ ಎರಡು ಕೋಣೆಯೊಳಗೇ ಸುತ್ತಿ ಸುತ್ತಿ, ಕೊನೆಗೆ ನಿಂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಿದ್ದರು. ಕೈಯಲ್ಲಿ ಆ ಚೀಟಿಯನ್ನು ಮಾತ್ರ ಬಿಟ್ಟಿರಲಿಲ್ಲವಂತೆ.

"ಮಕ್ಕಳ ಬಾಯಿಗೆ ಬಂದ ಪದ ಗೋಡೆ ಬಿಟ್ರೂ ಹೋಗಲ್ಲ. ಅಮ್ಮನದು ಗೋಡೆ ಜೊತೆಗೇ ಹೋಗುತ್ತೆ. ನನಗಿಷ್ಟು ಹೊಳೀಲಿಲ್ವಲ್ಲ" ಎಂದು ಟೀಚರ್ ಅತ್ತರು. ಅತ್ತು ಮುಗಿಸಿ ಏನು ಮಾಡಿದರು? ಗೋಡೆಯ ಚೀಟಿಗಳನ್ನು ಎರಡರಷ್ಟು ಮಾಡಿದರು! ನನಗೆ ಸಿಟ್ಟು ನೆತ್ತಿಗೇರಿತು.

"ಅಕ್ಕಾ, ಅವರು ನಿಮ್ಮ ಅಮ್ಮ, ಮೂರನೇ ಕ್ಲಾಸಲ್ಲ! ಸುಮ್ನೆ ಪಕ್ಕದಲ್ಲಿ ಕೂತ್ಕೊಂಡು ಏನಾದ್ರೂ ಹರಟೆ ಹೊಡೀರಿ."

"ಹರಟೆ ಹೊಡೆಯೋಕೆ ಬಂದಿದ್ರೆ ಇಷ್ಟು ವರ್ಷ ನಿಮ್ಮ ಮಧ್ಯೆ ಬಾಯಿ ಮುಚ್ಕೊಂಡು ಕೂತಿರ್ತಿದ್ನಾ?" ಎಂದರು. "ನನಗೆ ಗೊತ್ತಿರೋದು ಇದೊಂದೇ ಕೆಲಸ."

ಈ ಸುತ್ತಿನಲ್ಲಿ ಒಂದು ಹೊಸ ಚೀಟಿ ಸೇರಿತು. "ಮಗಳು" ಎಂದು ಬರೆದು, ಅಮ್ಮನ ಟೈಲರಿಂಗ್ ಡಬ್ಬಿಯಿಂದ ಪಿನ್ನು ತೆಗೆದು, ತಮ್ಮ ಎದೆಯ ಮೇಲೆ ಚುಚ್ಚಿಕೊಂಡರು. ಸಂಜೆ ಬಾಗಿಲು ತೆರೆಯುವ ಮೊದಲು ಪಿನ್ನು ಹಾಕಿಕೊಳ್ಳುವುದು, ಬೆಳಗ್ಗೆ ಹೊರಡುವಾಗ ತೆಗೆಯುವುದು. ಒಂದು ದಿನ ತೆಗೆಯುವುದನ್ನು ಮರೆತು ಹಾಗೇ ಶಾಲೆಗೆ ಬಂದುಬಿಟ್ಟರು. ತರಗತಿಯಲ್ಲಿ ಗುಲ್ಲೋ ಗುಲ್ಲು, ಹಲಗೆಯ ಈಚೆಗೂ ಕೇಳಿಸಿತು.

"ಟೀಚರ್, ಈ ಪದ ಯಾರು ತಂದಿದ್ದು?"

"ನೀವೇ ತಂದಿದ್ರೆ ನಡಿಯಲ್ಲ ಟೀಚರ್! ಕಾನೂನು ಕಾನೂನೇ!"

ಆಮೇಲೆ ಅವರ ದನಿ: "ನಮ್ಮಮ್ಮ ತಂದಿದ್ದು." ಮಕ್ಕಳು ಒಪ್ಪಿಕೊಂಡವು. ನಾನು ಕರಿಹಲಗೆಗೆ ಮುಖ ಮಾಡಿ ಏನೋ ಗೀಚಿದೆ, ಕಣ್ಣು ಒದ್ದೆಯಾಗಿತ್ತು.

ಮನೆಪಾಠ ಮುಂದುವರಿಯಿತು. ಅಮ್ಮನೂ ಒಳ್ಳೆಯ ವಿದ್ಯಾರ್ಥಿನಿಯಾಗುತ್ತ ಹೋದರು. ಮಗಳು ಬಂದದ್ದು ಕಂಡರೆ ಸಾಕು, ಸ್ಟೂಲಿನ ಮೇಲೆ ನೆಟ್ಟಗೆ ಕೂತು ಕೈ ಕಟ್ಟುವುದು. ಒಮ್ಮೆ ನಾನಿದ್ದಾಗ ಪಾಠದ ಮಧ್ಯೆ ಕಿರುಬೆರಳು ಎತ್ತಿ ತೋರಿಸಿದರು, ಮಕ್ಕಳು ಒಂದಕ್ಕೆ ಹೋಗಬೇಕಾದರೆ ತೋರಿಸುವ ಹಾಗೆ. ನನಗೆ ನಗು ಬಂತು, ಟೀಚರೂ ನಕ್ಕು, "ಹೋಗ್ಬಾಮ್ಮ" ಎಂದರು. ಮೆಟ್ಟಿಲು ಇಳಿಯುವಾಗ ಮಾತ್ರ ಆ ಎತ್ತಿದ ಕಿರುಬೆರಳೇ ಕಣ್ಣ ಮುಂದೆ ಬರುತ್ತಿತ್ತು. ಇನ್ನೊಂದು ದಿನ ಟೀಚರೇ ಹೇಳಿದರು, "ಅಮ್ಮ ಈಗೀಗ ನನಗೆ ಬನ್ನಿ, ಕೂತ್ಕೊಳ್ಳಿ ಅಂತಾರೆ. ಪದ ಕೂಡಿಸೋದ್ರಲ್ಲಿ ತಪ್ಪು ಮಾಡ್ತಾರೆ, ಅಷ್ಟೇ. ಸರಿ ಮಾಡ್ಬಹುದು."

ತಮ್ಮ ಮತ್ತೆ ಬರುತ್ತೇನೆಂದು ಫೋನು ಮಾಡಿದ. ಅಕ್ಕನ ಗುರುತು ಇದೆಯೋ ಇಲ್ಲವೋ ಎಂದು ತಾನೇ ನೋಡುತ್ತಾನಂತೆ. ಅವನು ಬರುವ ಹಿಂದಿನ ದಿನ ಶಾಲೆ ಬಿಟ್ಟೊಡನೆ ಟೀಚರ್ ನನ್ನ ಕೈ ಹಿಡಿದುಕೊಂಡರು. "ಇವತ್ತೊಂದು ದಿನ ಬನ್ನಿ. ಇನ್‌ಸ್ಪೆಕ್ಷನ್ ಹಿಂದಿನ ದಿನ ಮಕ್ಕಳಿಗೆ ಒಂದ್ಸಲ ಪೂರ್ತಿ ಓಡಿಸ್ತೀವಲ್ಲ, ಹಾಗೆ. ಬೇರೆಯವರ ಮುಂದೆ ಹೇಳ್ತಾರಾ ನೋಡ್ಬೇಕು." ಮನೆಯಲ್ಲಿ ನನ್ನ ಮಕ್ಕಳು ಕಿತ್ತಾಡಿಕೊಳ್ಳುತ್ತಿರುತ್ತಾರೆ, ಕಿತ್ತಾಡಿಕೊಳ್ಳಲಿ ಎಂದುಕೊಂಡು ಹೋದೆ.

ಇಸ್ತ್ರಿಯವನ ಹೆಂಡತಿ ಅಮ್ಮನ ತಲೆ ಬಾಚಿ ಕೂರಿಸಿ ಕೆಳಗಿಳಿದಳು. ನಾನು ಬಾಗಿಲ ಪಕ್ಕ ನಿಂತೆ. ಟೀಚರ್ ಸ್ಕೇಲು ಹಿಡಿದು ಗೋಡೆಯ ಈ ತುದಿಯಿಂದ ಶುರುಮಾಡಿದರು. ಬಾಗಿಲು, ಬೀಗ, ಕಿಟಕಿ, ಕನ್ನಡಿ. ಅಮ್ಮ ಎಲ್ಲೂ ತಡವರಿಸಲಿಲ್ಲ. ಬಾಬಿನ್, ಕತ್ತರಿ, ಬಚ್ಚಲು. ಒಂದೊಂದು ಹೇಳಿ ನನ್ನ ಕಡೆ ನೋಡಿ ಗತ್ತಿನಿಂದ ತಲೆಯಾಡಿಸುತ್ತಿದ್ದರು. ಕೊನೆಗೆ ಟೀಚರ್ ಸ್ಕೇಲನ್ನು ತಮ್ಮ ಎದೆಯ ಕಡೆ ತಿರುಗಿಸಿದರು.

"ಇದು?"

"ಮಗಳು" ಎಂದರು ಅಮ್ಮ. ಗಂಟೆ ಹೊಡೆದ ಹಾಗೆ, ಸ್ಪಷ್ಟವಾಗಿ.

ಟೀಚರ್ ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಇಬ್ಬರೂ ಚಪ್ಪಾಳೆ ತಟ್ಟಿದೆವು. ಅಮ್ಮ ಕಟ್ಟಿದ ಕೈ ಬಿಚ್ಚಿದರು, ಸ್ಟೂಲಿನ ಕೆಳಗಿದ್ದ ತಮ್ಮ ಬಟ್ಟೆಯ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಎದ್ದು ನಿಂತರು.

"ಎಲ್ಲಾ ಓದಿದ್ನಲ್ಲ ಟೀಚರ್, ಇನ್ನು ಹೋಗ್ಲಾ?" ಎಂದರು. "ನನ್ ಮಗಳು ಬಂದಿದ್ದಾಳಾ ಒಂಚೂರು ನೋಡ್ತೀರಾ? ಕರ್ಕೊಂಡ್ ಹೋಗೋಕೆ ಅವಳೇ ಬರ್ಬೇಕು. ನನಗೆ ದಾರಿ ಗೊತ್ತಾಗಲ್ಲ."

ನನ್ನ ಎರಡು ಕೈಗಳೂ ಚಪ್ಪಾಳೆಯಲ್ಲೇ ನಿಂತುಬಿಟ್ಟವು. ಓದುವುದನ್ನು ಇವರು ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ, ಕಲಿಸಿದವರು ಟೀಚರ್ ಆಗಿ ಉಳಿದರು, ಮಗಳು ಎಲ್ಲೋ ದಾರಿಯಲ್ಲಿ ಉಳಿದಳು. ಹೀಗಾಗಬೇಕೆಂದು ಯಾವ ದೇವರು ಬರೆದನೋ, ಅವನ ಕೈ ಮುರಿಯಲಿ ಎಂದು ಬೈದುಕೊಂಡೆ. ಟೀಚರ್ ತಮ್ಮ ಕೈಯಲ್ಲಿದ್ದ ಸ್ಕೇಲನ್ನು ನೋಡಿದರು. ಅಮ್ಮ ಕಾಯುತ್ತಿದ್ದರು, ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತ, ಬಾಗಿಲ ಕಡೆ ಇಣುಕುತ್ತ.

"ಕೂತಿರಿ, ನೋಡ್ತೀನಿ" ಎಂದರು ಟೀಚರ್.

ಸ್ಕೇಲನ್ನು ಮೆಷಿನ್ನಿನ ಮೇಲಿಟ್ಟರು. ಎದೆಯ ಪಿನ್ನು ಬಿಚ್ಚಿ ಚೀಟಿಯನ್ನು ನನ್ನ ಕೈಗೆ ತುರುಕಿದರು, ನನ್ನ ಮುಖ ನೋಡಲಿಲ್ಲ. ನನ್ನನ್ನು ದಾಟಿ ಹೊರಗೆ ಹೋಗಿ ಮೆಟ್ಟಿಲು ಇಳಿದರು. ಅರ್ಧಕ್ಕೆ ಹೆಜ್ಜೆ ನಿಂತಿತು. ಅಲ್ಲಿ ಏನು ಮಾಡಿದರೋ, ಕೂತರೋ, ಅತ್ತರೋ, ನನಗೆ ಬಗ್ಗಿ ನೋಡುವ ಧೈರ್ಯವಾಗಲಿಲ್ಲ. ಕೆಳಗೆ ಇಸ್ತ್ರಿಪೆಟ್ಟಿಗೆ ಮೇಜಿಗೆ ತಗಲುವ ಸದ್ದು ಮಾತ್ರ ಬರುತ್ತಿತ್ತು. ಆಮೇಲೆ ಧಡಧಡ ಮೆಟ್ಟಿಲು ಹತ್ತಿದ ಸದ್ದು, ಹೊರಗಿನಿಂದಲೇ ಕೂಗು, "ಅಮ್ಮಾ! ಅಮ್ಮಾ, ಬಂದೆ!"

"ಬಂದ್ಯೇನೇ?" ಎಂದರು ಅಮ್ಮ. ಮುಖವೆಲ್ಲ ನಗು, ನಗುವಿನ ಹಿಂದೆಯೇ ಗದರಿಕೆ. "ಇಷ್ಟು ಹೊತ್ತು ಮಾಡೋದಾ? ಎಲ್ಲೇ ಹಾಳಾಗಿ ಹೋಗಿದ್ದೆ? ತಲೆ ನೋಡು, ಕಾಗೆ ಗೂಡು. ಬಾರೇ ಇಲ್ಲಿ."

ಟೀಚರ್ ಹೋಗಿ ಅಮ್ಮನ ಮುಂದೆ ಕುಕ್ಕರಿಸಿ ಕೂತರು. ಅಮ್ಮ ಅವರ ಕೂದಲನ್ನು ಕಿವಿಯ ಹಿಂದೆ ಸರಿಸಿದರು, ಆಮೇಲೆ ಬಗ್ಗಿ ಗುಟ್ಟು ಹೇಳುವ ದನಿಯಲ್ಲಿ, "ಮೆಲ್ಲಗೆ ಮಾತಾಡೇ, ಟೀಚರ್ ಈಗ ತಾನೇ ಆಚೆ ಹೋದ್ರು" ಎಂದರು. "ತುಂಬಾ ಒಳ್ಳೇವ್ರು ಕಣೇ, ಪಾಪ. ಎಲ್ಲರನ್ನೂ ಕರ್ಕೊಂಡ್ ಹೋಗೋಕೆ ಯಾರಾದ್ರೂ ಬರ್ತಾರೆ. ಆಯಮ್ಮನಿಗೆ ಮಾತ್ರ ಯಾರೂ ಬರಲ್ಲ."

"ಗೊತ್ತಮ್ಮ" ಎಂದರು ಟೀಚರ್. "ನಡಿ, ಮನೆಗೆ ಹೋಗೋಣ."

ತಾಯಿಯ ಚೀಲವನ್ನು ತಾವು ಹಾಕಿಕೊಂಡರು. ಇಬ್ಬರೂ ಕೈ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಬೀದಿಯನ್ನು ಒಂದು ಸುತ್ತು ಹಾಕಿ ಈ ಮನೆಗೇ ಬರಬೇಕು, ಇನ್ನೆಲ್ಲಿಗೆ ಹೋದಾರು? ನಾಳೆ ಆ ತಮ್ಮ ಬಂದರೆ ಅವನನ್ನು ಇಸ್ತ್ರಿ ಅಂಗಡಿಯ ಹತ್ತಿರವೇ ತಡೆದು ನಿಲ್ಲಿಸಿ, ಅಕ್ಕ ಮೇಲೆ ಹತ್ತುವಾಗ ಹಿಂದೆ ಹತ್ತಿ ನೋಡಪ್ಪ, ಗುರುತು ಇದೆಯೋ ಇಲ್ಲವೋ ತಿಳಿಯುತ್ತೆ, ಎಂದು ಹೇಳಬೇಕು ಅಂದುಕೊಂಡೆ. ಅಮ್ಮನ ಮಾತು ಮೆಟ್ಟಿಲಿನ ಕೆಳಗಿನವರೆಗೂ ಕೇಳಿಸುತ್ತಿತ್ತು, ಬಾರೇ, ನಿಧಾನ ಕಣೇ, ಎಡವಬೇಡ್ವೇ ಅಂತ.

ನಾನು ಬಾಗಿಲನ್ನು ಮುಂದೆ ಮಾಡಿ ಗೋಡೆಯ ಚೀಟಿಗಳನ್ನು ಕೀಳಲು ಶುರುಮಾಡಿದೆ. ಬಚ್ಚಲಿನದೊಂದನ್ನು ಬಿಟ್ಟೆ. ಉಳಿದದ್ದನ್ನೆಲ್ಲ ಉಗುರಿನಿಂದ ಕೆರೆದು, ಬಾಗಿಲು, ಬೀಗ, ಕಿಟಕಿ ಎಂದು ಒಂದೊಂದನ್ನೂ ಕಿತ್ತೆ. ಅವರು ವಾಪಸು ಬರುವಷ್ಟರಲ್ಲಿ ಅದು ಮನೆಯಾಗಿರಬೇಕಿತ್ತು.